ಯಾರೂ ಇಲ್ಲದ ಜಾಗದಲ್ಲಿ ಹೇಗಿದ್ರಿ?

ಇಸ್ರೋ ಲೇಔಟಿನ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬರುವವರಿಗೆಲ್ಲ ನಾನು ಉಪಗ್ರಹಗಳ ಕೆಲಸದಲ್ಲಿದ್ದವಳು ಅಂತ ಗೊತ್ತು. ದಕ್ಷಿಣ ಅಮೆರಿಕದ ಕೌರೂ ಉಡಾವಣಾ ಕೇಂದ್ರಕ್ಕೆ ಮೂರು ಸಲ ಹೋಗಿಬಂದವಳು ಅಂತಲೂ ಗೊತ್ತು. ಹಾಗಾಗಿ ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ: “ಮೇಡಂ, ಅದು ಯಾರೂ ಇಲ್ಲದ ಜಾಗ ಅಂತಾರಲ್ಲ, ತಿಂಗಳುಗಟ್ಟಲೆ ಹೇಗಿದ್ರಿ?” ಅದರ ಬೆನ್ನಿಗೇ ಇನ್ನೊಂದು: “ನಮ್ಮ ಶ್ರೀಹರಿಕೋಟಾ ಇರೋವಾಗ ಅಲ್ಲಿಗೆ ಯಾಕೆ ಹೋಗಬೇಕಿತ್ತು?” ಪಾರ್ಕಿನ ಎರಡು ಸುತ್ತಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯದು ಸುಲಭ, ಅದನ್ನು ಮೊದಲು ಹೇಳುತ್ತೇನೆ. ನಮ್ಮ ಉಪಗ್ರಹಗಳ ತೂಕ ನಮ್ಮ ರಾಕೆಟ್ಟುಗಳ ಶಕ್ತಿಗಿಂತ ಬೇಗ ಬೆಳೆಯಿತು. ಎತ್ತಿನಗಾಡಿಯ ಮೇಲೆ ಕೂತ ಆ್ಯಪಲ್ ಉಪಗ್ರಹದ ಫೋಟೊ ನೀವೆಲ್ಲ ನೋಡಿದ್ದೀರಿ. 1981ರ ಜೂನ್ 19ರಂದು ಏರಿಯಾನ್ ರಾಕೆಟ್ಟಿನಲ್ಲಿ ಕೌರೂನಿಂದಲೇ ಹೋದದ್ದು, ತೂಕ 670 ಕಿಲೊ. 2018ರ ಡಿಸೆಂಬರ್ 5ರಂದು ಅಲ್ಲಿಂದಲೇ ಹೋದ ಜಿಸ್ಯಾಟ್-11 ಬರೋಬ್ಬರಿ 5,854 ಕಿಲೊ. ಅಷ್ಟನ್ನು ಎತ್ತುವ ರಾಕೆಟ್ ಯುರೋಪಿನವರ ಹತ್ತಿರ ಇತ್ತು. ಅವರ ಉಡಾವಣಾ ಕೇಂದ್ರವಿರುವುದು ಯುರೋಪಿನಲ್ಲಲ್ಲ, ದಕ್ಷಿಣ ಅಮೆರಿಕದಲ್ಲಿದ್ದೂ ಫ್ರಾನ್ಸಿಗೆ ಸೇರಿದ ಫ್ರೆಂಚ್ ಗಯಾನಾದ ಈ ಕೌರೂನಲ್ಲಿ.

ಜಾಗದ ಲಾಭವೂ ಉಂಟು. ಕೌರೂ ಭೂಮಧ್ಯರೇಖೆಗೆ 5 ಡಿಗ್ರಿ ದೂರದಲ್ಲಿದೆ, ಶ್ರೀಹರಿಕೋಟಾ 13 ಡಿಗ್ರಿಯ ಆಚೆ. ಭೂಮಿ ತಿರುಗುವ ವೇಗ ರಾಕೆಟ್ಟನ್ನು ತಳ್ಳಿಕೊಡುತ್ತದೆ ಎಂದು ಎಲ್ಲರೂ ವಿವರಿಸುತ್ತಾರೆ. ನಿಜ, ಆದರೆ ಎರಡೂ ಜಾಗಗಳ ನಡುವೆ ಆ ವ್ಯತ್ಯಾಸ ಸೆಕೆಂಡಿಗೆ ಹತ್ತು ಹನ್ನೊಂದು ಮೀಟರಷ್ಟೆ. ದೊಡ್ಡ ಲಾಭ ಬೇರೆ. ಭೂಸ್ಥಿರ ಉಪಗ್ರಹ, ಅಂದರೆ ಭೂಮಿಯ ಜೊತೆಗೇ ತಿರುಗುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ, ನಿಲ್ಲಬೇಕಾದದ್ದು ಭೂಮಧ್ಯರೇಖೆಯ ನೆತ್ತಿಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹೊರಡುವ ಜಾಗ ರೇಖೆಯಿಂದ ದೂರವಾದಷ್ಟೂ ಕಕ್ಷೆ ಓರೆಯಾಗುತ್ತದೆ. ಆ ಓರೆಯನ್ನು ತಿದ್ದಲು ಉಪಗ್ರಹ ತನ್ನ ಹೊಟ್ಟೆಯ ಇಂಧನವನ್ನೇ ಸುಡಬೇಕು. ಇಂಧನ ಎಷ್ಟು ಉಳಿಯಿತೋ ಅಷ್ಟು ಅದರ ಆಯಸ್ಸು. ಇದಲ್ಲದೆ ಪೂರ್ವಕ್ಕೂ ಉತ್ತರಕ್ಕೂ ತೆರೆದ ಸಮುದ್ರ, ಚಂಡಮಾರುತದ ಕಾಟವಿಲ್ಲ, ಭೂಕಂಪ ಅಪರೂಪ, ಜನ ಕಡಿಮೆ.

“ಜನ ಕಡಿಮೆ.” ಶಾಲಾ ಮಕ್ಕಳ ಮುಂದೆ ಮಾತಾಡುವಾಗ ನಾನೂ ವರ್ಷಗಟ್ಟಲೆ ಇದನ್ನು ಗುಣಗಳ ಪಟ್ಟಿಯಲ್ಲೇ ಹೇಳಿದ್ದೇನೆ.

ಜನ ಕಡಿಮೆ ಹೌದು. ಫ್ರೆಂಚ್ ಗಯಾನಾ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಚಿಕ್ಕದು, ಇಡೀ ನಾಡಿನಲ್ಲಿ ಇರುವವರು ಸುಮಾರು 3 ಲಕ್ಷ. ಉಳಿದದ್ದೆಲ್ಲ ಮಳೆಕಾಡು. ಕರಾವಳಿ ಎಂದರೆ ನಮ್ಮ ಗೋಕರ್ಣ, ಮಲ್ಪೆ ನೆನೆಸಿಕೊಳ್ಳಬೇಡಿ. ಅಮೆಜಾನ್ ನದಿ ತಂದು ಚೆಲ್ಲಿದ ಮಣ್ಣು ಪ್ರವಾಹದ ಜೊತೆ ಸರಿಯುತ್ತ ಬಂದು ಅಲ್ಲಿನ ಸಮುದ್ರವೇ ಹಾಲು ಹಾಕಿದ ಕಾಫಿಯ ಬಣ್ಣಕ್ಕಿರುತ್ತದೆ. ಮೊದಲ ಸಲ ನೋಡಿದಾಗ ನನಗೆ ಅಳುವೇ ಬಂದಿತ್ತು, ಅಷ್ಟು ದೂರ ಬಂದು ಇದಾ ಸಮುದ್ರ ಅಂತ. ಆಮೇಲೆ ಆ ಬಣ್ಣವೇ ಇಷ್ಟವಾಯಿತು.

ಇದ್ದದ್ದು ಹೇಗೆ ಅಂದರೆ, ಚೆನ್ನಾಗಿಯೇ ಇದ್ದೆವು. ಹೆಸರನ್ನು ನಾವು ಕೌರೂ ಅನ್ನುತ್ತೇವೆ, ಅಲ್ಲಿನವರ ಬಾಯಲ್ಲಿ ಅದು ‘ಕುರು’. ಬೆಂಗಳೂರಿಗಿಂತ ಎಂಟೂವರೆ ಗಂಟೆ ಹಿಂದೆ, ನಾವು ರಾತ್ರಿ ಊಟಕ್ಕೆ ಕೂರುವಾಗ ಮನೆಯಲ್ಲಿ ಹಾಲಿನವನು ಬರುವ ಹೊತ್ತು. ಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ ಇಲ್ಲಿಂದಲೇ ಹೊತ್ತುಕೊಂಡು ಹೋಗುತ್ತಿದ್ದೆವು. ಕೊತ್ತಂಬರಿ, ಹಸಿಮೆಣಸಿನಕಾಯಿ ಸಂತೆಯಲ್ಲಿ ಹ್ಮಾಂಗ್ ರೈತರ ಹತ್ತಿರ ಸಿಗುತ್ತಿತ್ತು. ಲಾವೋಸಿನಿಂದ ನಿರಾಶ್ರಿತರಾಗಿ ಬಂದು 1970ರ ದಶಕದ ಕೊನೆಯಲ್ಲಿ ಕಾಡಂಚಿನಲ್ಲಿ ನೆಲೆಸಿದವರು ಅವರು. ಆ ನಾಡಿನ ತರಕಾರಿಯಲ್ಲಿ ಬಹುಪಾಲು ಅವರು ಬೆಳೆದದ್ದೇ.

ಹಾಗಾದರೆ ‘ಯಾರೂ ಇಲ್ಲದ ಜಾಗ’ ಎಂಬ ಮಾತು ಎಲ್ಲಿಂದ ಬಂತು? 1964ರಲ್ಲಿ ಫ್ರಾನ್ಸ್ ಆ ಜಾಗವನ್ನು ಆರಿಸಿಕೊಂಡಾಗ ಕೌರೂ ಕೆಲವು ನೂರು ಜನರ ಹಳ್ಳಿ. ಅಂಥ ಹಳ್ಳಿ ಇದೆ ಎಂದರೆ ಜನ ಇದ್ದಾರೆ ಎಂದೇ ಅರ್ಥ. ಕೇಂದ್ರಕ್ಕಾಗಿ 650 ಚದರ ಕಿ.ಮೀ.ಗೂ ಹೆಚ್ಚು ನೆಲ ಸುತ್ತುಗಟ್ಟಿದರು. ಅದರೊಳಗೆ ಮಲ್ಮನೂರಿ ಎಂಬ ಊರಿತ್ತು. ಹೊಳೆದಂಡೆಯಲ್ಲಿ ತೋಟ ಮಾಡಿಕೊಂಡು, ಮೀನು ಹಿಡಿದುಕೊಂಡಿದ್ದ, ಹೆಚ್ಚಾಗಿ ಆಫ್ರಿಕನ್ ಮೂಲದ ಕ್ರಿಯೋಲ್ ಕುಟುಂಬಗಳ ನೂರಾರು ಜನರನ್ನು ಎಬ್ಬಿಸಿದರು. ಮೊದಲ ರಾಕೆಟ್ ಹಾರಿದ್ದು 1968ರ ಏಪ್ರಿಲ್‌ನಲ್ಲಿ. ಇದನ್ನು ಹೇಳುವಾಗ ನಾನು ಶ್ರೀಹರಿಕೋಟಾದ ಯಾನಾದಿ ಬುಡಕಟ್ಟಿನವರನ್ನೂ ನೆನೆಯುತ್ತೇನೆ. ಆ ದ್ವೀಪವೂ ಖಾಲಿ ಇರಲಿಲ್ಲ. ನಾನು ಮಾಡಿದ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಹಳ್ಳಿಯ ಟೀವಿಯಿಂದ ಚಂಡಮಾರುತದ ಮುನ್ಸೂಚನೆಯವರೆಗೆ ಅದು ಏನೇನು ಕೊಟ್ಟಿತೆಂದು ಕಣ್ಣಾರೆ ಕಂಡವಳು. ಆ ಹೆಮ್ಮೆಯ ಕೆಳಗೆ ಇವರ ಮನೆಯ ಅಡಿಪಾಯವಿದೆ ಎಂಬುದೂ ಅಷ್ಟೇ ನಿಜ.

ನನಗೆ ಇದು ತಟ್ಟಿದ್ದು ಅವಾಲ-ಯಾಲಿಮಾಪೊ ಹಳ್ಳಿಯಲ್ಲಿ. ಕೌರೂನಿಂದ ಸುಮಾರು 200 ಕಿ.ಮೀ. ಪಶ್ಚಿಮಕ್ಕೆ, ಮಾನಾ ಮತ್ತು ಮಾರೋನಿ ಎರಡೂ ನದಿಗಳು ಕಡಲು ಸೇರುವಲ್ಲಿ, ಸುರಿನಾಮ್ ಗಡಿಯ ಪಕ್ಕ. ಕಲಿನ್ಯ ಎಂಬ ಮೂಲನಿವಾಸಿಗಳ ಊರು, ಸಾವಿರಕ್ಕಿಂತ ತುಸು ಹೆಚ್ಚು ಜನ. ಅವಾಲ ಅನ್ನುವುದು ಅಲ್ಲಿನ ಒಂದು ಮುಳ್ಳಿನ ತಾಳೆಮರದ ಹೆಸರು. ರಜೆಯ ಎರಡು ದಿನ ನಾವು ನಾಲ್ವರು ಕಡಲಾಮೆ ನೋಡಲು ಹೋಗಿದ್ದೆವು.

ಲೆದರ್‌ಬ್ಯಾಕ್ ಆಮೆ ರಾತ್ರಿ ನೀರಿನಿಂದ ಎದ್ದು ಬರುವುದನ್ನು ಹೇಗೆ ಹೇಳಲಿ. ನಾಲ್ಕೈದು ಕ್ವಿಂಟಲ್ ತೂಗುವ ಜೀವ, ಮರಳಿನಲ್ಲಿ ತನ್ನನ್ನೇ ಎಳೆದುಕೊಂಡು, ಪ್ರತಿ ಎಳೆತಕ್ಕೂ ಉಸಿರು ಬಿಡುತ್ತ ಬಂತು. ಹಿಂಗಾಲಿನ ರೆಕ್ಕೆಗಳನ್ನು ಕೈಯಂತೆ ಬಾಗಿಸಿ, ಒಂದು ಹಿಡಿ ಮರಳೂ ಕುಸಿಯದ ಹಾಗೆ ಗುಂಡಿ ತೋಡಿತು. ಮೊಟ್ಟೆಯಿಟ್ಟು, ಮುಚ್ಚಿ, ಗುರುತು ಸಿಗದಂತೆ ಸುತ್ತಲೂ ಮರಳು ಚೆಲ್ಲಿ, ಮರಳಿ ಹೋಯಿತು. ಎರಡು ಗಂಟೆ ನಾವು ಪಿಸುಮಾತೂ ಆಡಲಿಲ್ಲ. ಒಂದು ಕಾಲಕ್ಕೆ ಸಾವಿರಾರು ಬರುತ್ತಿದ್ದ ತೀರಕ್ಕೆ ಈಗ ಬರುವುದು ತೀರಾ ಕಡಿಮೆ.

ಮಾರನೆಯ ಬೆಳಗ್ಗೆ ಒಬ್ಬ ಅಜ್ಜಿಯ ಮನೆಯಲ್ಲಿ ಕೂತಿದ್ದೆವು. ಮರಗೆಣಸಿನ ರೊಟ್ಟಿ ಸುಡುತ್ತಿದ್ದರು. ಆ ಗೆಣಸು ವಿಷದ್ದು. ತುರಿದು, ಹೆಣೆದ ಉದ್ದ ಚೀಲದಲ್ಲಿ ತುಂಬಿ ಜಗ್ಗಿ ವಿಷದ ರಸ ಹಿಂಡಿ ತೆಗೆಯಬೇಕು. ಇದನ್ನು ಕಂಡುಹಿಡಿದವರನ್ನೂ ನಾನು ಎಂಜಿನಿಯರುಗಳೆಂದೇ ಎಣಿಸುತ್ತೇನೆ. ಫ್ರೆಂಚ್ ಬಲ್ಲ ಗೆಳತಿ ನಮ್ಮಿಬ್ಬರ ನಡುವೆ ಮಾತು ದಾಟಿಸುತ್ತಿದ್ದಳು. 1892ರಲ್ಲಿ ತಮ್ಮ ಹಿರಿಯರನ್ನು ಪ್ಯಾರಿಸ್ಸಿಗೆ ಕರೆದೊಯ್ದು ಉದ್ಯಾನವೊಂದರಲ್ಲಿ ಜನ ನೋಡಲೆಂದು ಪ್ರದರ್ಶನಕ್ಕಿಟ್ಟದ್ದನ್ನು, ಅವರಲ್ಲಿ ಕೆಲವರು ಅಲ್ಲೇ ಸತ್ತದ್ದನ್ನು ಅಜ್ಜಿ ಹೇಳಿದರು. 1984ರಲ್ಲಿ ಇದೇ ಅವಾಲದಲ್ಲಿ ಮೂಲನಿವಾಸಿಗಳೆಲ್ಲ ಸೇರಿ, ಅಧಿಕಾರಿಗಳ ಎದುರಿಗೇ ಈ ನೆಲ ನಮ್ಮದು ಎಂದದ್ದನ್ನೂ ಹೇಳಿದರು. ಆ ದಶಕ ಮುಗಿಯುವುದರೊಳಗೆ ಊರಿಗೆ ಅದರದೇ ಪುರಸಭೆ ಬಂತು.

ಆಮೇಲೆ ಅವರು ನನ್ನನ್ನು ಕೇಳಿದರು, ನಿಮ್ಮೂರು ಯಾವ ನದಿಯ ದಡದಲ್ಲಿದೆ ಅಂತ.

ಯಾವ ನದಿಯೂ ಇಲ್ಲ ಅಂದೆ. ಒಂದು ಕೋಟಿಗೂ ಹೆಚ್ಚು ಜನ ಇದ್ದೇವೆ, ಕಾವೇರಿಯ ನೀರನ್ನು 100 ಕಿ.ಮೀ. ದೂರದಿಂದ ಪಂಪು ಹಾಕಿ ಬೆಟ್ಟ ಹತ್ತಿಸಿ ತರುತ್ತೇವೆ ಅಂದೆ. ಗೆಳತಿ ಅದನ್ನು ಎರಡು ಸಲ ಹೇಳಬೇಕಾಯಿತು. ಅಜ್ಜಿ ರೊಟ್ಟಿ ಮಗುಚುವುದು ಬಿಟ್ಟು ನನ್ನ ಮುಖ ನೋಡಿದರು.

“ನದಿ ಇಲ್ಲದ ಕಡೆ ಅಷ್ಟೊಂದು ಜನ ಹೇಗಿದ್ದೀರಿ?”

ಮೊದಲು ಕೆರೆಗಳಿದ್ದವು ಅಂದೆ.

“ಇದ್ದವು ಅಂದ್ರೆ?”