ಯೂನಿಫಾರ್ಮ್ ಇದ್ರೂ ಪಿಸ್ತೂಲ್‌ಗೆ ರಾಜ್ಯ ದಾಟೋ ಪರ್ಮಿಷನ್ ಇಲ್ಲ

ಅಕ್ಕನ ಮಗ ಟೆಕ್ಸಸ್‌ನ ಫೋರ್ಟ್ ಹುಡ್‌ನಲ್ಲಿ ಆರ್ಮೀಲಿದ್ದ, ಹೋದ ತಿಂಗಳು ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್‌ಗೆ ಟ್ರಾನ್ಸ್‌ಫರ್ ಆಯ್ತು. ಹೊರಡೋ ಹಿಂದಿನ ದಿನ ನಮ್ಮನೆಗೆ ಊಟಕ್ಕೆ ಬಂದಿದ್ದ, ಕಾರಲ್ಲಿ ಸಾಮಾನು ಜೋಡಿಸ್ತಿದ್ದಾಗ ನೋಡ್ತೀನಿ, ಸೀಟ್ ಪಕ್ಕದ ಕನ್ಸೋಲ್‌ನಲ್ಲಿ ಅವನ ಸ್ವಂತ ಪಿಸ್ತೂಲ್, ಅದೂ ಗುಂಡು ತುಂಬಿರೋದು. ಎದೆ ಧಸಕ್ ಅಂತು. "ಮಾಮ, ನಾನು ಮಿಲಿಟರಿಯವನು, ಐಡಿ ಇದೆ, ಆರ್ಡರ್ ಇದೆ, ಯಾರ್ ಕೇಳ್ತಾರೆ?" ಅಂದ.

ಕೇಳ್ತಾರಪ್ಪ, ಖಂಡಿತ ಕೇಳ್ತಾರೆ. ನಮ್ಮ ದೇಶದಲ್ಲಾದ್ರೆ ಆರ್ಮ್ಸ್ ಆಕ್ಟ್ ಅಂತ ಎಲ್ಲಾ ಕಡೆ ಒಂದೇ ಕಾಯ್ದೆ, ಅಮೆರಿಕದಲ್ಲಿ ಹಾಗಲ್ಲ. ಡ್ರೈವಿಂಗ್ ಲೈಸೆನ್ಸ್ ಎಲ್ಲಾ ರಾಜ್ಯದಲ್ಲೂ ನಡೆಯುತ್ತೆ, ಆದ್ರೆ ಬಟ್ಟೆಯೊಳಗೆ ಪಿಸ್ತೂಲ್ ಇಟ್ಕೊಂಡು ಓಡಾಡೋ ಪರ್ಮಿಟ್, ಅಂದ್ರೆ ಕನ್ಸೀಲ್ಡ್ ಕ್ಯಾರಿ, ಅದನ್ನ ಒಪ್ಕೊಳ್ಳೋದು ಬಿಡೋದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಟೆಕ್ಸಸ್‌ನಲ್ಲಿ 2021ರಿಂದ 21 ವಯಸ್ಸಾಗಿದ್ರೆ ಹೆಚ್ಚಿನವ್ರಿಗೆ ಪರ್ಮಿಟ್ಟೇ ಬೇಡ, ಅರ್ಕಾನ್ಸಾ, ಟೆನೆಸಿ, ಕೆಂಟಕಿ, ಒಹಾಯೋ ಕೂಡ ಹಾಗೇ, ಆದ್ರೆ ಪೆನ್ಸಿಲ್ವೇನಿಯಾಕ್ಕೆ ಕಾಲಿಟ್ರೆ ಕಾರಲ್ಲಿ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕು, ನ್ಯೂಯಾರ್ಕ್ ಅಂತೂ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪಲ್ಲ.

ಪೊಲೀಸರಿಗೆ ದೇಶದಲ್ಲೆಲ್ಲಾ ಇಟ್ಕೊಂಡು ಓಡಾಡೋಕೆ 2004ರ ಕಾಯ್ದೆ ಇದೆ, 2013ರಲ್ಲಿ ಅದನ್ನ ಮಿಲಿಟರಿ ಪೊಲೀಸ್‌ಗೂ ವಿಸ್ತರಿಸಿದ್ರು. ಮಾಮೂಲಿ ಸೈನಿಕನಿಗೆ ಅದು ಸಿಗಲ್ಲ. ನಮ್ಮ ಹುಡುಗ ಇರೋದು ಟ್ರಕ್ ರಿಪೇರಿ ವಿಭಾಗದಲ್ಲಿ.

"1986ರ ಫೆಡರಲ್ ಕಾಯ್ದೆ ಇದ್ಯಲ್ಲ ಮಾಮ, ಲಾಕ್ ಮಾಡಿ ತಗೊಂಡ್ ಹೋಗ್ಬೋದಂತೆ" ಅಂದ. ಹೌದು, ಗುಂಡು ತೆಗೆದು, ಕೈಗೆ ಸಿಗದ ಹಾಗೆ ಡಿಕ್ಕೀಲಿಟ್ಟು ಹೋಗ್ಬೋದು, ಡಿಕ್ಕಿ ಇಲ್ಲದ ಗಾಡಿ ಆದ್ರೆ ಬೀಗ ಹಾಕಿದ ಪೆಟ್ಟಿಗೆ, ಗ್ಲವ್ ಬಾಕ್ಸ್ ಕನ್ಸೋಲ್ ಯಾವುದೂ ಲೆಕ್ಕಕ್ಕಿಲ್ಲ. ಆದ್ರೆ ತುಂಬಾ ಜನ ಎಡವೋದು ಮುಂದಿನ ಮಾತಲ್ಲಿ: ಹೊರಟ ಜಾಗದಲ್ಲಷ್ಟೇ ಅಲ್ಲ, ತಲುಪೋ ಜಾಗದಲ್ಲೂ ಆ ಪಿಸ್ತೂಲ್ ಇಟ್ಕೊಳ್ಳೋದು, ಹಿಡ್ಕೊಂಡು ಓಡಾಡೋದು ನಿಮಗೆ ಕಾನೂನು ಪ್ರಕಾರ ಸರಿ ಇರ್ಬೇಕು. ನ್ಯೂಯಾರ್ಕ್‌ನಲ್ಲಿ ಮನೇಲಿಟ್ಕೊಳ್ಳೋಕೂ ಅಲ್ಲಿನ ಲೈಸೆನ್ಸ್ ಬೇಕು, ಇವನ ಹತ್ರ ಇಲ್ಲ, ಅಂದ್ಮೇಲೆ ಆ ಕಾಯ್ದೆ ಇವನನ್ನ ಕಾಪಾಡಲ್ಲ. ಬೇಸ್ ಒಳಗಂತೂ ಕಮಾಂಡರ್ ಒಪ್ಪಿಗೆ ಇಲ್ದೆ ಸ್ವಂತ ಪಿಸ್ತೂಲ್ ಇಟ್ಕೊಂಡು ಓಡಾಡೋ ಹಾಗೇ ಇಲ್ಲ.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಪೆನ್ಸಿಲ್ವೇನಿಯಾ ಪರ್ಮಿಟ್ ನಂಬ್ಕೊಂಡು ನ್ಯೂಜೆರ್ಸಿಗೆ ಹೋದ್ರು, ಗಾಡಿ ನಿಲ್ಲಿಸಿದ ಪೊಲೀಸ್‌ಗೆ ತಾವಾಗೇ ಹೇಳಿದ್ರು ಪಿಸ್ತೂಲ್ ಇದೆ ಅಂತ, ಅರೆಸ್ಟ್ ಆದ್ರು. ವರ್ಷಗಟ್ಟಲೆ ಜೈಲಿನ ಭಯ. ಕೊನೆಗೆ 2015ರಲ್ಲಿ ಆಗಿನ ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ರು. ಇದನ್ನ ಹೇಳಿದಾಗ ಹುಡುಗ ಸುಮ್ನಾದ.

ದೇಶಕ್ಕೋಸ್ಕರ ಬಂದೂಕು ಹಿಡಿಯೋ ಹುಡುಗನಿಗೆ ಸರ್ಕಾರವೇ ಊರು ಬದಲಾಯಿಸು ಅಂತ ಆರ್ಡರ್ ಕೊಡುತ್ತೆ, ದಾರೀಲಿ ಕಾಯ್ದೆ ಹೇಗೆ ಬದಲಾಗುತ್ತೆ ಅಂತ ಕೂತು ಹೇಳೋರು ಇಲ್ಲ, ಇದು ನನಗೆ ನಿಜವಾಗ್ಲೂ ಬೇಜಾರು. 2017ರಲ್ಲಿ ಎಲ್ಲಾ ರಾಜ್ಯಕ್ಕೂ ಪರ್ಮಿಟ್ ನಡೆಯೋ ಮಸೂದೆ ಅಮೆರಿಕ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ ಪಾಸಾಯ್ತು, ಮೇಲ್ಮನೆ ಸೆನೆಟ್‌ನಲ್ಲಿ ಆಗ್ಲಿಲ್ಲ.

ಅವತ್ತು ರಾತ್ರಿ ಊಟದ ಟೇಬಲ್ ಮೇಲೆ ಪಿಸ್ತೂಲಿಂದ ಗುಂಡಿನ ಮ್ಯಾಗಝೀನ್ ತೆಗೆದ, ಒಳಗೆ ಗುಂಡು ಉಳಿದಿದ್ಯಾ ಅಂತ ಚೇಂಬರ್ ಎರಡು ಸಲ ನೋಡಿದ, ಪೆಟ್ಟಿಗೆಗಿಟ್ಟು ಬೀಗ ಹಾಕಿದ. ಪೆಟ್ಟಿಗೆ ಈಗ ನಮ್ಮನೇಲಿದೆ. ಫೋರ್ಟ್ ಡ್ರಮ್ ಇರೋ ಜೆಫರ್ಸನ್ ಕೌಂಟೀಲಿ ಲೈಸೆನ್ಸ್‌ಗೆ ಅರ್ಜಿ ಹಾಕ್ತೀನಿ ಅಂತ ನಿನ್ನೆ ಫೋನ್ ಮಾಡಿದ್ದ.