ಮುಖಪುಟದ ಮೊದಲ ಸಾಲು

ಜನವರಿ 18, 2025, ಶನಿವಾರ

ಕನ್ನಡ ವಿಕಿಸೋರ್ಸಿನ ಮುಖಪುಟಕ್ಕೆ ಹೊಸ ಕರಡೊಂದು ಬರೆದೆ. ಸದ್ಯಕ್ಕೆ ನನ್ನ ಪ್ರಯೋಗಪುಟದಲ್ಲಿದೆ, ಅಂದರೆ ಬರೆದು ನೋಡಲು ಇರುವ ನನ್ನ ಪುಟದಲ್ಲಿ.

ವಿಕಿಪೀಡಿಯ ಎಲ್ಲರಿಗೂ ಗೊತ್ತು. ವಿಕಿಸೋರ್ಸ್ ಅಂದರೆ ಮಾತ್ರ "ಅದೇನು?" ಅಂತ ಕೇಳುವವರೇ ಜಾಸ್ತಿ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನ್ ಇಟ್ಟುಕೊಂಡು, ಅದನ್ನು ಅಕ್ಷರಕ್ಕೆ ಇಳಿಸಿ, ಯಾರು ಬೇಕಾದರೂ ಓದುವ ಹಾಗೆ ಮಾಡುವುದು ಇದರ ಕೆಲಸ. "ಮುಕ್ತ ಜ್ಞಾನದ ಭಂಡಾರ" ಅಂದರೆ ಕೇಳಲು ಚೆಂದ. ಆದರೆ ಮೊಬೈಲಿನಲ್ಲಿ ಪುಟ ತೆರೆದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಮೊದಲ ಸಾಲು ಹೀಗಿಟ್ಟೆ: "ಹಳೆಯ ಕನ್ನಡ ಪುಸ್ತಕಗಳನ್ನು ಇಲ್ಲಿ ಉಚಿತವಾಗಿ ಓದಿ. ಒಂದು ಪುಟ ಸರಿಮಾಡಿ ಕೊಡಿ."

ಸಂಜೆ ಪಕ್ಕದ ಮನೆಯ ಮೇಷ್ಟ್ರಿಗೆ ಏನೂ ವಿವರಿಸದೆ ಫೋನ್ ಕೊಟ್ಟೆ. ಓದಿ, "ಚೆನ್ನಾಗಿದೆಯಪ್ಪಾ. ನನ್ನ ಕವನಗಳನ್ನೂ ಹಾಕಬಹುದಲ್ವಾ?" ಅಂದರು. ಎಷ್ಟು ಸಹಜವಾದ ಪ್ರಶ್ನೆ! ಇಲ್ಲಿ ಏನು ಸೇರುವುದಿಲ್ಲ ಅನ್ನುವುದನ್ನೂ ಮುಖಪುಟವೇ ಹೇಳಬೇಕು. ಹೊಸದಾಗಿ ಬರೆದದ್ದಕ್ಕೆ ಇದು ಜಾಗವಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಪುಸ್ತಕಗಳು 2024ರಿಂದ ಎಲ್ಲರವು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2055ರ ತನಕ ಕಾಯಬೇಕು. ಹಕ್ಕು ಇರುವವರೇ ಯಾರು ಬೇಕಾದರೂ ಬಳಸಲಿ ಅಂತ ಮುಕ್ತ ಪರವಾನಗಿ ಕೊಟ್ಟರೆ ಕಾಯಬೇಕಿಲ್ಲ. ನಿಯಮ ಬರೆಯುವುದಕ್ಕಿಂತ ಈ ಎರಡು ಹೆಸರು ಹಾಕಿದರೆ ಬೇಗ ಅರ್ಥವಾಗುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಅದರ ಕೆಳಗಿದೆ. ಎಡಕ್ಕೆ ಹಳೇ ಪುಸ್ತಕದ ಒಂದು ಪುಟದ ಚಿತ್ರ, ಬಲಕ್ಕೆ ಕಂಪ್ಯೂಟರ್ ಓದಿಕೊಂಡ ಪಠ್ಯ. ಅನುಸ್ವಾರ ಇರಬೇಕಾದ ಕಡೆ ಸೊನ್ನೆ ಬಂದಿದೆ, ಒತ್ತಕ್ಷರ ಕಳಚಿ ಬಿದ್ದಿದೆ. ಎರಡನ್ನೂ ನೋಡಿದ ಕೂಡಲೇ ಯಾರಿಗಾದರೂ ಕೈ ಹಾಕಿ ಸರಿಮಾಡಬೇಕು ಅನಿಸುತ್ತದೆ. ಉದ್ದುದ್ದ ಸಹಾಯಪುಟಗಳಿಂದ ಇದು ಆಗುವುದಿಲ್ಲ. ಪಕ್ಕದಲ್ಲಿ ಎರಡೇ ಮಾತು ಬರೆದೆ. ಅಚ್ಚಿನಲ್ಲಿ ಇದ್ದಂತೆಯೇ ಇರಲಿ, ಹಳೇ ಕಾಗುಣಿತವನ್ನು ಇಂದಿನದಕ್ಕೆ ಬದಲಿಸಬೇಡಿ. ನೀವು ನೋಡಿ ಮುಗಿಸಿದ ಪುಟ ಹಳದಿಯಾಗುತ್ತದೆ, ಇನ್ನೊಬ್ಬರು ಮತ್ತೆ ನೋಡಿದ ಮೇಲೆ ಹಸಿರಾಗುತ್ತದೆ. ಎರಡನೆಯವರು ಬೇರೆಯವರೇ ಆಗಿರಬೇಕು ಅನ್ನುವ ನಿಯಮ ನನಗೆ ಬಹಳ ಹಿಡಿಸುತ್ತದೆ. ಪಠ್ಯದ ಮೇಲೆ ನಂಬಿಕೆ ಬರುವುದೇ ಅದರಿಂದ.

ವಿಕಿಪೀಡಿಯದಂಥ ಸೋದರ ಯೋಜನೆಗಳ ಚಿಹ್ನೆಗಳನ್ನು ಪುಟದ ಅಡಿಗೆ ಸರಿಸಿದೆ.

ಮುಖಪುಟ ಬದಲಿಸುವುದು ನಿರ್ವಾಹಕರ ಕೈಯಲ್ಲಿದೆ. ನಾಳೆ ಕರಡನ್ನು ಚರ್ಚೆಗೆ ಇಡುತ್ತೇನೆ. ಬಣ್ಣ, ಅಂಚು ಹೇಗೆ ಬೇಕಾದರೂ ಬದಲಾಗಲಿ. ಆ ಜೋಡಿ ಪುಟವನ್ನು ಮಾತ್ರ ಉಳಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.