ಮೂರು ಸಲ ತಾಗಿಸಿದ ಅಯಸ್ಕಾಂತ

ನಮ್ಮ ಪ್ರಯೋಗಾಲಯದ ಮುಖ್ಯ ಕೆಲಸ ಸಾಣೆ ಹಿಡಿದ ಹರಳುಗಳ ಪರೀಕ್ಷೆ. ಹದಿನಾಲ್ಕು ವರ್ಷಗಳಿಂದ ನಾನು ಕೂರುವ ಮೇಜಿನ ಮೇಲೆ ಲೂಪ್, ರಿಫ್ರಾಕ್ಟೋಮೀಟರ್, ಪೋಲಾರಿಸ್ಕೋಪ್ ಮತ್ತು ಕಲ್ಲನ್ನು ನೀರಿನಲ್ಲಿ ತೂಗಿ ಸಾಂದ್ರತೆ ಅಳೆಯುವ ಎಸ್‌ಜಿ ತಕ್ಕಡಿಯ ಪಕ್ಕದಲ್ಲಿ, ಹಿಡಿಕೆಯ ತುದಿಗೆ ಕೂರಿಸಿದ ಪುಟ್ಟ ನಿಯೋಡಿಮಿಯಂ ಅಯಸ್ಕಾಂತವೂ ಇರುತ್ತಿತ್ತು. ಕೆಂಪು ಗಾರ್ನೆಟ್ಟನ್ನು ಕೆಂಪು ಸ್ಪಿನೆಲ್‌ನಿಂದ ಬೇರ್ಪಡಿಸುವಾಗ ಅದು ಕೆಲಸಕ್ಕೆ ಬರುತ್ತದೆ. ಎಚ್‌ಪಿಎಚ್‌ಟಿ (ಅಧಿಕ ಒತ್ತಡ ಮತ್ತು ಉಷ್ಣದಲ್ಲಿ ತಯಾರಿಸಿದ) ವಜ್ರದೊಳಗೆ ಉಳಿದುಹೋದ ಲೋಹದ ಕಣಗಳನ್ನೂ ಅದು ಒಮ್ಮೊಮ್ಮೆ ಹಿಡಿದುಕೊಡುತ್ತದೆ. ಇಷ್ಟು ವರ್ಷಗಳಲ್ಲಿ ಅದನ್ನು ಎಷ್ಟು ಸಾವಿರ ಹರಳುಗಳಿಗೆ ತಾಗಿಸಿದ್ದೇನೋ ಲೆಕ್ಕವಿಲ್ಲ, ಒಂದಕ್ಕೂ ಅದರಿಂದ ಏನೂ ಆಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕಲ್ಲು ಬಂದ ಹಾಗೆಯೇ ಹಿಂತಿರುಗುತ್ತದೆ ಎಂಬುದು ನನ್ನ ವೃತ್ತಿಯ ಮೂಲ ನಂಬಿಕೆಯಾಗಿತ್ತು. ಕಳೆದ ವರ್ಷ 48 ಗ್ರಾಂ ತೂಕದ ಒಂದು ಕಪ್ಪು ಕಲ್ಲಿನ ವಿಷಯದಲ್ಲಿ ಆ ನಂಬಿಕೆಯೇ ನನ್ನ ಕೈಯಿಂದ ತಪ್ಪು ಮಾಡಿಸಿತು.

ಆ ದಿನ ಹಿರಿಯ ಸಂಗ್ರಾಹಕರೊಬ್ಬರ ಪೆಟ್ಟಿಗೆ ಇನ್‌ವರ್ಡ್ ಆಗಿ ನನ್ನ ಟ್ರೇಗೆ ಬಂದಿತ್ತು. ಒಟ್ಟು ಹನ್ನೊಂದು ವಸ್ತುಗಳಿದ್ದವು. ರತ್ನಗಳನ್ನು, ಉಲ್ಕಾಶಿಲೆಗಳನ್ನು ಮತ್ತು ಉಲ್ಕೆ ಅಪ್ಪಳಿಸಿದ್ದರಿಂದ ಹುಟ್ಟಿದ ಕಲ್ಲುಗಳನ್ನು ಒಂದೇ ಸಂಗ್ರಹದಲ್ಲಿ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಪ್ರತಿಯೊಂದಕ್ಕೂ ಸಿಕ್ಕ ಸ್ಥಳ, ಕೈಗೆ ಬಂದ ವರ್ಷ, ಮೊದಲ ತೂಕ ಮತ್ತು ಈಗಿನ ತೂಕವನ್ನು ಬರೆದ ಚೀಟಿ ಇತ್ತು. ಜಾಬ್ ಕಾರ್ಡ್ ಸಂಜೆಯೊಳಗೆ ಮುಗಿಯಬೇಕೆಂಬ ಸೂಚನೆ ಮೇಲಿನಿಂದ ಬೆಳಿಗ್ಗೆಯೇ ಬಂದಿತ್ತು.

ಮೊದಲು ಕೈಗೆತ್ತಿಕೊಂಡದ್ದು ಮೂರು ಮೊಲ್ಡವೈಟ್‌ಗಳನ್ನು. ಸುಮಾರು 1.48 ಕೋಟಿ ವರ್ಷಗಳ ಹಿಂದೆ ಈಗಿನ ಜರ್ಮನಿಯ ರೀಸ್ ಕುಳಿಯನ್ನು ಉಂಟುಮಾಡಿದ ಅಪ್ಪಳಿಕೆಯಲ್ಲಿ ನೆಲದ ಮೇಲ್ಪದರವೇ ಕರಗಿ, ಆಕಾಶಕ್ಕೆ ಚಿಮ್ಮಿ, ನೂರಾರು ಕಿಲೋಮೀಟರ್ ದೂರದ ಬೊಹೀಮಿಯ ಮತ್ತು ಮೊರಾವಿಯಗಳಲ್ಲಿ ಬಿದ್ದ ಹಸಿರು ಗಾಜು ಇದು. ಇದರ ನಕಲುಗಳು ಬಹಳ. ಅಚ್ಚಿನಲ್ಲಿ ಎರಕ ಹೊಯ್ದ ಬಾಟಲಿ ಗಾಜಿನಲ್ಲಿಯೂ ಗುಳ್ಳೆಗಳಿರುವುದರಿಂದ ಗುಳ್ಳೆಯನ್ನು ನೋಡಿ ಒಪ್ಪಿಬಿಡುವಂತಿಲ್ಲ. ಮೈಕ್ರೋಸ್ಕೋಪಿನಡಿ ದ್ರವದಲ್ಲಿ ಮುಳುಗಿಸಿಟ್ಟು ಹುಡುಕಬೇಕಾದದ್ದು ಲೆಷಟೆಲಿಯರೈಟ್ ಎಂಬ ಶುದ್ಧ ಸಿಲಿಕಾ ಗಾಜಿನ ಎಳೆಗಳನ್ನು: ತಿರುಚಿದ ದಾರದ ತುಂಡುಗಳಂತೆ, ಸುತ್ತಲಿನ ಗಾಜಿಗಿಂತ ಒಂದಿಷ್ಟೇ ಬೇರೆಯಾಗಿ ಅವು ತೇಲುತ್ತಿರುತ್ತವೆ. ಮೂರರ ಪೈಕಿ ಎರಡರಲ್ಲಿ ಅವು ತಕ್ಷಣವೇ ಕಂಡವು. ಮೂರನೆಯದರಲ್ಲಿ ದುಂಡು ಗುಳ್ಳೆಗಳಲ್ಲದೆ ಬೇರೇನೂ ಇರಲಿಲ್ಲ. ಅದರ ಹೊರಮೈ ಆಗತಾನೇ ಒದ್ದೆಯಾದಂತೆ ಹೊಳೆಯುತ್ತಿತ್ತು ಮತ್ತು ತಗ್ಗುಗಳ ಅಂಚುಗಳೆಲ್ಲ ಮೃದುವಾಗಿದ್ದವು. ಅದು ನಕಲಿ ಎಂದು ಬರೆದಾಗ ನನಗೆ ನನ್ನ ಕಣ್ಣಿನ ಬಗ್ಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಯನ್ನು ಇಲ್ಲಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ಒಂದು ಗಂಟೆ ನಾನು ಅದರ ಹುಮ್ಮಸ್ಸಿನಲ್ಲೇ ಕೆಲಸ ಮಾಡಿದೆ.

ಲಿಬಿಯಾ ಮರುಭೂಮಿಯ ಹಳದಿ ಗಾಜಿನ ತುಂಡು, ಸ್ಟೈನ್‌ಹೈಮ್ ಕುಳಿಯಿಂದ ಬಂದ ಶಂಕುವಿನಾಕಾರದ ಬಿರುಕುಗಳುಳ್ಳ ಸುಣ್ಣಕಲ್ಲು, ಕಬ್ಬಿಣ–ನಿಕ್ಕಲ್‌ನ ಬಲೆಯಲ್ಲಿ ಜೇನುಬಣ್ಣದ ಆಲಿವೀನ್ ಸಿಕ್ಕಿಕೊಂಡಿರುವ ಪಲ್ಲಸೈಟ್ ಎಂಬ ಉಲ್ಕಾಶಿಲೆಯ ಒಂದು ಹೋಳು, ಇವೆಲ್ಲ ತಕರಾರಿಲ್ಲದೆ ಮುಗಿದವು. ಪಲ್ಲಸೈಟಿನ ಅಂಚಿನಲ್ಲಿ ತುಕ್ಕು ಹಿಡಿಯತೊಡಗಿತ್ತು, ಅದನ್ನು ವರದಿಯಲ್ಲಿ ನಮೂದಿಸಿದೆ.

ಏಳನೆಯ ವಸ್ತುವೇ ಆ ಕಪ್ಪು ಕಲ್ಲು. ಸುಮಾರು ಮೂರು ಸೆಂಟಿಮೀಟರ್ ಅಗಲವಿತ್ತು. ಮುಕ್ಕಾಲು ಭಾಗವನ್ನು ಮುಚ್ಚಿದ್ದ ತೆಳುವಾದ ಕರಗಿದ ಸಿಪ್ಪೆ, ಲೋಹಕಣಗಳುಳ್ಳ, ಹೆಚ್ಚಾಗಿ ಸಿಗುವ ಉಲ್ಕಾಶಿಲೆಗಳಾದ ಮಾಮೂಲಿ ಕಾಂಡ್ರೈಟ್‌ಗಳ ಹಾಗೆ ಮಸಿಬಣ್ಣದ್ದಾಗಿರದೆ, ಮೆರುಗೆಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು; ಒಂದು ಮೂಲೆಯಲ್ಲಿ ಸಿಪ್ಪೆ ಎದ್ದುಹೋಗಿ ಒಳಗಿನ ತಿಳಿ ಬೂದುಬಣ್ಣ ಕಾಣುತ್ತಿತ್ತು. ಆ ಹೊಳಪು ಮತ್ತು ಆ ತಿಳಿಬೂದು ಎರಡನ್ನೂ ಕಂಡವನು, ಇದು ಅಪರೂಪದ ಬಗೆಯಿರಬಹುದೆಂದು ಅಲ್ಲಿಗೇ ಕೈ ನಿಲ್ಲಿಸಬೇಕಾಗಿತ್ತು. ಉಲ್ಕಾಶಿಲೆಯನ್ನು ನೀರಿಗಿಳಿಸಿದರೆ ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆಂದು ನನಗೆ ಗೊತ್ತಿತ್ತು, ಆದ್ದರಿಂದ ಎಸ್‌ಜಿ ತೆಗೆಯದೆ ಆ ಕಾಲಮ್ಮನ್ನು ಖಾಲಿ ಬಿಟ್ಟೆ. ಇಷ್ಟು ಎಚ್ಚರ ವಹಿಸಿದ ಅದೇ ಕೈ ಮರುನಿಮಿಷದಲ್ಲಿ ಅಯಸ್ಕಾಂತವನ್ನು ಎತ್ತಿಕೊಂಡಿತು.

ನಮ್ಮ ತಂತ್ರಾಂಶದ ಉಲ್ಕಾಶಿಲೆಯ ನಮೂನೆಯಲ್ಲಿ "ಅಯಸ್ಕಾಂತ ಪರೀಕ್ಷೆ" ಎಂಬ ಕಡ್ಡಾಯ ಅಂಕಣವಿದೆ. ಅದನ್ನು ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಕಲ್ಲನ್ನು ಮೆತ್ತೆಯ ಮೇಲಿಟ್ಟು ಅಯಸ್ಕಾಂತವನ್ನು ಎದ್ದುಹೋದ ಮೂಲೆಗೆ ತಾಗಿಸಿದೆ. ಕಾಂಡ್ರೈಟ್ ಆಗಿದ್ದರೆ ಟಕ್ಕನೆ ಅಂಟಿಕೊಳ್ಳಬೇಕಿತ್ತು, ಆದರೆ ಇದು ಬೆರಳಿಗೆ ಅನುಮಾನ ಬರುವಷ್ಟು ಮಾತ್ರ ಸೆಳೆಯಿತು. ಖಚಿತಪಡಿಸಿಕೊಳ್ಳಲೆಂದು ಕಲ್ಲನ್ನು ತಿರುಗಿಸಿ ಹೊಳಪಿನ ಬದಿಗೆ ತಾಗಿಸಿದೆ. ಮತ್ತೆ ತಿರುಗಿಸಿ ತಳಕ್ಕೂ ತಾಗಿಸಿದೆ. "ದುರ್ಬಲ" ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ವರದಿಯ ಮುನ್ನೋಟ ತೆರೆದುಕೊಂಡಿತು. ಅಲ್ಲಿ, ಎಲ್ಲಕ್ಕಿಂತ ಕೆಳಗೆ, ಇನ್‌ವರ್ಡ್ ಮೇಜಿನವರು ನಮೂದಿಸಿದ್ದ ಸಂಗ್ರಾಹಕರ ಷರಾ ಪೂರ್ತಿಯಾಗಿ ಕಾಣಿಸಿತು: "ಹತ್ತಿಬಟ್ಟೆಯ ಮೇಲೆ ಇಡುವುದು, ನೀರು ತಾಗಿಸಬಾರದು, ಯಾವುದೇ ಕಾರಣಕ್ಕೂ ಅಯಸ್ಕಾಂತವನ್ನು ಹತ್ತಿರ ತರಬಾರದು."

ಜಾಬ್ ಕಾರ್ಡಿನ ಪರದೆಯಲ್ಲಿ ಷರಾದ ಮೊದಲ ನಲವತ್ತು ಅಕ್ಷರಗಳಷ್ಟೇ ಕಾಣುತ್ತವೆ. "ನೀರು ತಾಗಿಸಬಾರದು" ಎಂಬಲ್ಲಿಗೆ ಅದು ತುಂಡಾಗಿತ್ತು, ಪಕ್ಕದಲ್ಲಿ ಮೂರು ಚುಕ್ಕೆಗಳಿದ್ದವು. ಆ ಮೂರು ಚುಕ್ಕೆಗಳ ಮೇಲೆ ಒತ್ತಿದ್ದರೆ ಉಳಿದದ್ದು ತೆರೆದುಕೊಳ್ಳುತ್ತಿತ್ತು. ನಾನು ಒತ್ತಲಿಲ್ಲ. ತಂತ್ರಾಂಶ ಕೆಟ್ಟದ್ದಾಗಿತ್ತು ಎನ್ನುವುದು ನಿಜ. ಓದದೆ ಹೋದವನು ನಾನು ಎನ್ನುವುದೂ ಅಷ್ಟೇ ನಿಜ.

ಅದಾದ ಮೇಲಿನ ಹತ್ತು ನಿಮಿಷಗಳನ್ನು ನಾನು ಮರೆಯಲಾರೆ. ಕಲ್ಲನ್ನು ಲೂಪ್ ಹಿಡಿದು ಮತ್ತೆ ಮತ್ತೆ ನೋಡಿದೆ. ಅದರಲ್ಲಿ ಏನೂ ಬದಲಾಗಿರಲಿಲ್ಲ: ಒಂದು ಗೀರಿಲ್ಲ, ಒಂದು ಕಣ ಉದುರಿಲ್ಲ, ತೂಕವೂ ಅಷ್ಟೇ ಇತ್ತು. ಅಕ್ಕಪಕ್ಕದ ಮೇಜುಗಳಲ್ಲಿ ಯಾರೂ ನನ್ನತ್ತ ನೋಡಿರಲಿಲ್ಲ. ಆ ಅಂಕಣವನ್ನು "ಮಾಡಿಲ್ಲ" ಎಂದು ತಿದ್ದಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂಬ ಯೋಚನೆ ಬಂತು, ಮತ್ತು ಮೌಸ್ ಹಿಡಿದ ಕೈ ಆ ಅಂಕಣದ ಮೇಲೆ ಎಷ್ಟೋ ಹೊತ್ತು ನಿಂತಿತು. ಹರಳಿಗೆ ಏಟು ಬಿದ್ದರೆ ಕಣ್ಣಿಗೆ ಕಾಣುತ್ತದೆ, ಬಚ್ಚಿಡಲಾಗುವುದಿಲ್ಲ. ಇಲ್ಲಿ ಆದ ಹಾನಿಯೋ ನನ್ನ ಮೇಜಿನ ಯಾವ ಉಪಕರಣಕ್ಕೂ ಕಾಣುವಂಥದ್ದಲ್ಲ. ನಾನು ಬಾಯಿಬಿಡದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದ ಹಾನಿ ಎಂಥದ್ದು ಎಂದು ಹೇಳಬೇಕು. ಉಲ್ಕಾಶಿಲೆ ವಾತಾವರಣದೊಳಗೆ ಉರಿಯುತ್ತಾ ಬರುವಾಗ ಬಿಸಿಯೇರುವುದು ಹೊರಗಿನ ಮಿಲಿಮೀಟರಿನಷ್ಟು ಪದರ ಮಾತ್ರ. ಒಳಭಾಗ ತಣ್ಣಗೇ ಉಳಿಯುತ್ತದೆ. ಹೀಗಾಗಿ ಆ ಕಲ್ಲು ಹುಟ್ಟಿದ ಕಾಯದಲ್ಲಿ ಎಂದೋ ಇದ್ದ ಕಾಂತಕ್ಷೇತ್ರದ ಗುರುತು ಒಳಗಿನ ಲೋಹಕಣಗಳಲ್ಲಿ ನೂರಾರು ಕೋಟಿ ವರ್ಷ ಹಾಗೆಯೇ ಇರಬಲ್ಲದು. ಭೂಮಿಯ ಕಾಂತಕ್ಷೇತ್ರ 25ರಿಂದ 65 ಮೈಕ್ರೋಟೆಸ್ಲಾ. ನಿಯೋಡಿಮಿಯಂ ಅಯಸ್ಕಾಂತದ ಮೈಮೇಲಿನ ಕ್ಷೇತ್ರ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅದನ್ನು ತಾಗಿಸಿದ ಗಳಿಗೆಯಲ್ಲೇ ಹಳೆಯ ಗುರುತು ಅಳಿದು, ಆ ಜಾಗದಲ್ಲಿ ಅಯಸ್ಕಾಂತದ್ದೇ ಗುರುತು ಕೂರುತ್ತದೆ. ಮಂಗಳ ಗ್ರಹದಿಂದ ಬಂದ, ಸಂಗ್ರಾಹಕರು "ಬ್ಲ್ಯಾಕ್ ಬ್ಯೂಟಿ" ಎಂದು ಕರೆಯುವ ಎನ್‌ಡಬ್ಲ್ಯುಎ 7034 ಶಿಲೆಯ ಕಾಂತಸ್ಮೃತಿ ಇದೇ ರೀತಿ ಕೈ ಅಯಸ್ಕಾಂತಗಳಿಂದ ಅಳಿಸಿಹೋಗಿದೆ ಎಂಬುದನ್ನು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರುಭೂಮಿಯಲ್ಲಿ ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ಹುಡುಕುವ ರೂಢಿ ಎಷ್ಟೋ ಕಲ್ಲುಗಳನ್ನು ಹೀಗೆಯೇ ಮೂಕಗೊಳಿಸಿದೆ. ಇದನ್ನೆಲ್ಲ ನಾನು ಓದಿದ್ದೆ. ಅಯಸ್ಕಾಂತ ಹಿಡಿದ ಕೈಗೆ ಮಾತ್ರ ಆ ಓದು ತಲುಪಿರಲಿಲ್ಲ.

ವಿಭಾಗದ ಹಿರಿಯರಿಗೆ ವಿಷಯ ಹೇಳಿದೆ. "ಬಿಡಿ, ಅದನ್ನು ಹೆಕ್ಕಿದವರೇ ಯಾರಾದರೂ ಅಯಸ್ಕಾಂತ ಅಂಟಿಸಿ ನೋಡಿರುತ್ತಾರೆ, ನಿಮ್ಮಿಂದ ಹೊಸದಾಗಿ ಏನೂ ಆಗಿರಲಾರದು" ಎಂದರು. ನನ್ನನ್ನು ಸಮಾಧಾನಪಡಿಸಲೆಂದೇ ಹೇಳಿದರು, ಆದರೆ ಸಮಾಧಾನವಾಗಲಿಲ್ಲ. ಸಂಗ್ರಾಹಕರಿಗೆ ಫೋನ್ ಮಾಡಿ, "ಸರ್, ನಾನು ಏಳನೆಯ ಕಲ್ಲಿಗೆ ಅಯಸ್ಕಾಂತ ತಾಗಿಸಿಬಿಟ್ಟೆ. ನೀವು ಬರೆದದ್ದನ್ನು ಆಮೇಲೆ ಓದಿದೆ" ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬೈಗುಳಕ್ಕೆ ಮನಸ್ಸನ್ನು ಗಟ್ಟಿಮಾಡಿಕೊಂಡು ಕಾದೆ. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಯಾವ ಜಾಗಕ್ಕೆ ತಾಗಿಸಿದಿರಿ?"

ಆ ಪ್ರಶ್ನೆ ಬರುವವರೆಗೂ ನಾನು ನನ್ನ ತಪ್ಪಿನ ಬಗ್ಗೆಯೇ ಯೋಚಿಸುತ್ತಿದ್ದೆ, ಕಲ್ಲಿನ ಬಗ್ಗೆ ಅಲ್ಲ. ಅವರು ಹೇಳಿದಂತೆ ಕಲ್ಲಿನ ಆರೂ ಬದಿಗಳ ಫೋಟೊ ತೆಗೆದು, ಮೂರು ಜಾಗಗಳನ್ನು ಫೋಟೊದ ಮೇಲೆ ಗುರುತಿಸಿ, ಅಯಸ್ಕಾಂತದ ಅಳತೆಯನ್ನೂ ಅದರ ಯಾವ ಮುಖ ತಾಗಿತೆಂಬುದನ್ನೂ ಬರೆದು ಸಹಿ ಹಾಕಿದೆ. ಅಯಸ್ಕಾಂತದ ಪ್ರಭಾವ ದೂರಕ್ಕೆ ಹೋದಂತೆ ಬೇಗ ಕುಗ್ಗುವುದರಿಂದ, ದೊಡ್ಡ ಕಲ್ಲಾಗಿದ್ದರೆ ನಡುಭಾಗವಾದರೂ ಉಳಿದಿರುತ್ತಿತ್ತು. ಮೂರು ಸೆಂಟಿಮೀಟರಿನ ಕಲ್ಲಿಗೆ ಮೂರು ಕಡೆಯಿಂದ ತಾಗಿಸಿದ ಮೇಲೆ ನಡುಭಾಗವೆಂಬುದು ಎಲ್ಲಿ ಉಳಿದೀತು?

ವರ್ಗೀಕರಣಕ್ಕೆ ಮಾದರಿ ಕೊಡುವಾಗ ಒಟ್ಟು ತೂಕದ ಶೇಕಡಾ 20 ಅಥವಾ 20 ಗ್ರಾಂ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಸಂಶೋಧನಾ ಸಂಸ್ಥೆಯಲ್ಲಿ ಬಿಡಬೇಕೆಂಬ ನಿಯಮವಿದೆ. ಸಂಗ್ರಾಹಕರು ಒಂಬತ್ತೂವರೆ ಗ್ರಾಮಿಗಿಂತ ತುಸು ಹೆಚ್ಚಿನ ತುಂಡನ್ನು ಕೊಟ್ಟರು, ಜೊತೆಗೆ ನನ್ನ ಹಾಳೆಯನ್ನೂ ಇಟ್ಟರು. ಕಲ್ಲು ಯೂಕ್ರೈಟ್ ಎಂದು ತೀರ್ಮಾನವಾಯಿತು. ಅಂದರೆ ವೆಸ್ಟಾ ಕ್ಷುದ್ರಗ್ರಹದ ಹೊರಪದರದ್ದೆಂದು ನಂಬಲಾಗುವ ಬಗೆ. 1981ರಲ್ಲಿ ಅಂಟಾರ್ಕ್ಟಿಕದ ಹಿಮದಿಂದ ಹೆಕ್ಕಿದ ಎಎಲ್‌ಎಚ್‌ಎ 81001 ಎಂಬ ಇದೇ ಬಗೆಯ ಕಲ್ಲಿನ ಕಾಂತತ್ವವನ್ನು ಅಳೆದೇ, ವೆಸ್ಟಾದ ತಿರುಳು ಒಂದು ಕಾಲದಲ್ಲಿ ತನ್ನದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತಿತ್ತೆಂದು ಸಂಶೋಧಕರು 2012ರಲ್ಲಿ ವಾದಿಸಿದ್ದು. ಅಂಥ ಪ್ರಶ್ನೆಯನ್ನು ಕೇಳಬಹುದಾಗಿದ್ದ ಕಲ್ಲು ನನ್ನ ಮೆತ್ತೆಯ ಮೇಲಿತ್ತು. ತುಂಡಿನ ಶೇಷ ಕಾಂತತ್ವ ಪ್ರಬಲ ಅಯಸ್ಕಾಂತಕ್ಕೆ ಒಡ್ಡಿದ ಕಲ್ಲಿನಂತೆಯೇ ಇದೆ, ಹಳೆಯ ದಾಖಲೆಯನ್ನು ಹುಡುಕುವುದರಲ್ಲಿ ಅರ್ಥವಿಲ್ಲ ಎಂದು ಎರಡೇ ಸಾಲಿನ ಉತ್ತರ ಬಂತು. ನನಗಿಂತ ಮುಂಚೆ ಯಾರಾದರೂ ಅಯಸ್ಕಾಂತ ತಾಗಿಸಿದ್ದರೇ ಎಂಬುದನ್ನು ಈಗ ಯಾವ ಅಳತೆಯೂ ಹೇಳಲಾರದು, ಏಕೆಂದರೆ ಅದನ್ನು ಹೇಳಬಹುದಾಗಿದ್ದ ಪುರಾವೆಯನ್ನೂ ನಾನೇ ಅಳಿಸಿದ್ದೇನೆ. ಕಣ್ಣಿನಿಂದಲೇ ನೋಡಿ ಹೆಕ್ಕುವವರಿಂದ ಕೊಂಡದ್ದು ಎಂದು ಸಂಗ್ರಾಹಕರ ಚೀಟಿಯಲ್ಲಿ ಬರೆದಿತ್ತು. ಆ ಮಾತನ್ನು ನಾನು ನಂಬುತ್ತೇನೆ.

ಈಗ ನಮ್ಮಲ್ಲಿ ಕಾಂತಪ್ರವೃತ್ತಿ, ಅಂದರೆ ಕಲ್ಲು ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಅಳೆಯುವ ಕೈ ಮೀಟರ್ ಇದೆ. ಅತಿ ದುರ್ಬಲ ಕ್ಷೇತ್ರದಿಂದಲೇ ಕೆಲಸ ಮಾಡುವ ಅದು ಕಾಂಡ್ರೈಟ್‌ಗೂ ಯೂಕ್ರೈಟ್‌ಗೂ ಇರುವ ವ್ಯತ್ಯಾಸವನ್ನು ನನ್ನ ಬೆರಳಿಗಿಂತ ಚೆನ್ನಾಗಿ ಹೇಳುತ್ತದೆ. ಅದನ್ನು ತರಿಸಲು ಐದು ತಿಂಗಳಲ್ಲಿ ನಾಲ್ಕು ಪತ್ರ ಬರೆಯಬೇಕಾಯಿತು. ಅಯಸ್ಕಾಂತ ನನ್ನ ಮೇಜಿನಿಂದ ಹರಳು ವಿಭಾಗದ ಬೀಗದ ಡ್ರಾಯರಿಗೆ ಹೋಗಿದೆ, ಬೇಕಾದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬೇಕು. ನಮೂನೆಯ ಕಡ್ಡಾಯ ಅಂಕಣವನ್ನು ಮಾತ್ರ ಇನ್ನೂ ತೆಗೆದಿಲ್ಲ, ಷರಾ ಕೂಡ ನಲವತ್ತು ಅಕ್ಷರಗಳಿಗೇ ತುಂಡಾಗುತ್ತಿದೆ. ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ನೋಡೋಣ ಎನ್ನುತ್ತಾರೆ. ಹಾಗಾಗಿ ಉಲ್ಕಾಶಿಲೆ ಬಂದ ದಿನ ನಾನೇ ಇನ್‌ವರ್ಡ್ ಮೇಜಿಗೆ ಹೋಗಿ, ಸಂಗ್ರಾಹಕರ ಚೀಟಿಯನ್ನು ಪೂರ್ತಿ ಓದಿ, ಕೆಂಪು ಶಾಯಿಯಲ್ಲಿ ದೊಡ್ಡದಾಗಿ ನಕಲು ಮಾಡಿ ಟ್ರೇಗೆ ಅಂಟಿಸುತ್ತೇನೆ. ಆಮೇಲೆಯೇ ಪೆಟ್ಟಿಗೆ ತೆರೆಯುತ್ತೇನೆ.